ಏನೂ ಆಗದ ಮನುಷ್ಯ

ಆ ಊರಿಗೆ ಹಸಿರು ಕರವಸ್ತ್ರ ಬೀಸಿದವನು ನಾನೇ. ಬೀಸಿದ್ದು ಸರಿ ಎಂದು ಇವತ್ತಿಗೂ ವಾದಿಸುತ್ತೇನೆ. ಕಳ್ಳರ ಸುಳಿವಿಲ್ಲ, ಬೀದಿನಾಯಿಗಳಿಲ್ಲ, ಮುಷ್ಕರವಿಲ್ಲ. ವಾಹನಗಳೇ ಓಡಾಡದ ಚೌಕ, ಅದರ ನಡುವೆ ಕಾರಂಜಿ, ಕಾರಂಜಿಯ ಸುತ್ತ ನಾಲ್ಕಾರು ಹೆಬ್ಬಾತುಗಳು, ಠಾಣೆಯ ಮುಂದಿನ ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ ಒಬ್ಬ ಪೊಲೀಸ್. ಯುರೋಪಿನ ಆ ದೇಶದಲ್ಲಿ ಅಷ್ಟು ಸಾಧುವಾದ ಜಾಗವನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ನನ್ನ ಜಾಗದಲ್ಲಿ ಯಾರಿದ್ದರೂ ಹಸಿರೇ ಬೀಸುತ್ತಿದ್ದರು.

ಈ ಕರವಸ್ತ್ರದ ವಿಷಯ ಹೇಳಬೇಕು. ನನ್ನ ಹೆಸರು ಫಾಲಾಕ್ಷಪ್ಪ. ದಾವಣಗೆರೆ ಕಡೆಯ ಒಂದು ಹತ್ತಿ ಗಿರಣಿಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದು ನಿವೃತ್ತನಾದವನು. ನಾನಿದ್ದಷ್ಟು ಕಾಲ ಆ ಗಿರಣಿಯಲ್ಲಿ ಯಾರ ಉಗುರೂ ಮುರಿದಿಲ್ಲ. ಪ್ರವಾಸದ ಕಂಪನಿ ನಡೆಸುವ ಹಾಲಸ್ವಾಮಿ ಇದನ್ನು ಕೇಳಿಯೇ ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದುಕೊಂಡು ಹೊರಟದ್ದು. ಅವನ ಗುಂಪಿನಲ್ಲಿ ಎಲ್ಲರೂ ವಯಸ್ಸಾದವರು, ಅವರ ಮಕ್ಕಳಿಗೆಲ್ಲ ಭಯ. ಹೀಗಾಗಿ ಬಸ್ಸು ಎಲ್ಲಿ ನಿಂತರೂ ಮೊದಲು ನಾನೊಬ್ಬನೇ ಇಳಿದು ಜಾಗ ಪರೀಕ್ಷೆ ಮಾಡಬೇಕು. ಹಸಿರು ಕರವಸ್ತ್ರ ಬೀಸಿದರೆ ಎಲ್ಲರೂ ಇಳಿಯಬಹುದು. ಹಳದಿ ಬೀಸಿದರೆ ಮಂಡಿ ನೋವಿಲ್ಲದವರು ಮಾತ್ರ. ಕೆಂಪು ಬೀಸಿದರೆ ಕಿಟಕಿಯಿಂದಲೇ ಫೋಟೋ ತೆಗೆದುಕೊಂಡು ಮುಂದಕ್ಕೆ ಹೋಗುವುದು.

ಹೊರಡುವ ಮೊದಲೇ ಆ ದೇಶದ ಬಗ್ಗೆ ಚೆನ್ನಾಗಿ ಓದಿಕೊಂಡಿದ್ದೆ. ಪ್ರವಾಸಿಗಳಿಗೆ ಎಚ್ಚರಿಕೆ ಎಂದು ಬೇರೆ ಬೇರೆ ಸರ್ಕಾರಗಳು ಪುಟಗಟ್ಟಲೆ ಬರೆದಿಟ್ಟಿರುತ್ತವೆ. ಜನ ಕಾದಂಬರಿ ಓದುವ ಹಾಗೆ ನಾನು ಅವನ್ನು ಓದುತ್ತೇನೆ. ರೈಲು ನಿಲ್ದಾಣದಲ್ಲಿ ಜೇಬುಗಳ್ಳರು, ಮೀಟರ್ ಹಾಕದ ಟ್ಯಾಕ್ಸಿಗಳು, ಬೆಟ್ಟದ ಮೇಲೆ ಇದ್ದಕ್ಕಿದ್ದಂತೆ ತಿರುಗುವ ಹವೆ, ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಹುಳು. ಕೊನೆಯಲ್ಲಿ, ಒಟ್ಟಾರೆ ಸುರಕ್ಷಿತ ದೇಶ, ಸಾಮಾನ್ಯ ಎಚ್ಚರಿಕೆ ಸಾಕು ಎಂದು ಬರೆದಿದ್ದರು. ಸಾಮಾನ್ಯ ಎಚ್ಚರಿಕೆ ಅಂದರೆ ಎಷ್ಟು ಎಂದು ಒಬ್ಬ ಪುಣ್ಯಾತ್ಮನೂ ಬರೆದಿರಲಿಲ್ಲ. ಹಾಗಾಗಿ ನಾನು ರಾಜಧಾನಿಗೆ ಕೆಂಪು ಕೊಟ್ಟೆ. ಕೋಟೆಯ ಮೆಟ್ಟಿಲಿಗೆ ಕಟಾಂಜನ ಇರಲಿಲ್ಲ, ಅದಕ್ಕೂ ಕೆಂಪು. ಹೆಸರುವಾಸಿ ಚರ್ಚಿನ ಗೋಪುರದಲ್ಲಿ ದೊಡ್ಡ ಗಂಟೆ ಜೋತಾಡುತ್ತಿತ್ತು, ಅದು ನಮ್ಮವರ ತಲೆಯ ಮೇಲೆಯೇ ಬೀಳಬೇಕೆಂದಿಲ್ಲ ಎಂದು ಹಳದಿ ಕೊಟ್ಟೆ. ನನ್ನ ಹೆಂಡತಿ ಸರ್ವಮಂಗಳ ಸಿಡಿಮಿಡಿಗೊಂಡು, ಈ ದೇಶದ ಕಿಟಕಿ ಗಾಜು ನೋಡೋದಕ್ಕೆ ಇಷ್ಟು ದೂರ ಬಂದ್ವಾ ಎಂದು ಬಸ್ಸಿನವರೆಲ್ಲ ಕೇಳುವಂತೆ ಕೇಳಿದಳು. ಗುಂಪಿನ ಹಿರಿಯಜ್ಜಿ ಕೊಟ್ರಮ್ಮ ಅದಕ್ಕೆ ತಲೆಯಾಡಿಸಿದ್ದನ್ನೂ ನಾನು ನೋಡಿದೆ.

ಮಂಗಳ ಈ ಪ್ರವಾಸಕ್ಕೆ ಒಪ್ಪಿದ್ದೇ ಒಂದು ದೋಣಿಗಾಗಿ. ಆ ದೇಶದ ತುದಿಯಲ್ಲಿ ಒಂದು ಬಂದರು, ಅಲ್ಲಿಂದ ಒಂದು ದ್ವೀಪಕ್ಕೆ ದೋಣಿ ಹೋಗುತ್ತದೆ. ದ್ವೀಪದಲ್ಲಿ ಬಣ್ಣದ ಕೊಕ್ಕಿನ ಹಕ್ಕಿಗಳಿವೆಯಂತೆ. ಹಾಲಸ್ವಾಮಿಯ ಜಾಹೀರಾತಿನಲ್ಲಿದ್ದ ಆ ದೋಣಿಯ ಚಿತ್ರವನ್ನು ಕತ್ತರಿಸಿ ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಆ ವರ್ಷದ ಕೊನೆಯ ದೋಣಿ ಭಾನುವಾರ ಮಧ್ಯಾಹ್ನ ಹೊರಡುವುದಿತ್ತು. ಆಮೇಲೆ ಚಳಿ ಹಿಡಿದು ದೋಣಿ ನಿಲ್ಲುತ್ತದೆ, ನಮ್ಮ ವಿಮಾನವೂ ಮರುದಿನವೇ. ನಮ್ಮಿಬ್ಬರ ಸಂಸಾರದಲ್ಲಿ ಸಮುದ್ರಕ್ಕೆ ಹೋದದ್ದು ಕಾರವಾರದಲ್ಲಿ ಒಂದೇ ಸಲ. ಆಗ ನಾನು ಪಾದ ನೆನೆಯುವಷ್ಟು ದೂರಕ್ಕೆ ಅವಳನ್ನು ಬಿಟ್ಟಿದ್ದೆ, ಸೆರಗು ಕೈಯಲ್ಲಿ ಹಿಡಿದುಕೊಂಡು. ನನ್ನ ಕಾಲು ಸಮುದ್ರ ನೋಡಿದೆ, ನಾನು ನೋಡಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಬಂದರಿಗೆ ಹೋಗುವ ದಾರಿಯಲ್ಲಿ ಬುಧವಾರ ಊಟಕ್ಕೆಂದು ನಿಂತದ್ದು ಈ ಊರಿನಲ್ಲಿ. ಕಲ್ಲಿನ ಸೇತುವೆ ದಾಟಿದರೆ ಊರು. ಹಸಿರು ಬೀಸಿದ್ದೇ ತಡ, ಎಲ್ಲರೂ ಬಿಟ್ಟ ಕುರಿಗಳ ಹಾಗೆ ಇಳಿದರು. ಊಟ ಮುಗಿಯುವಷ್ಟರಲ್ಲಿ ಹಾಲಸ್ವಾಮಿಯ ಟೋಪಿಯನ್ನು ಗಾಳಿ ಎತ್ತಿಕೊಂಡು ಹೋಗಿ ಪಕ್ಕದ ಮೇಜಿನಲ್ಲಿದ್ದ ಊರಿನ ಪಾದ್ರಿಯ ಸಾರಿನ ಬಟ್ಟಲಿಗೆ ಹಾಕಿತು. ಕೊಟ್ರಮ್ಮನ ಹಲ್ಲಿನ ಸೆಟ್ಟು ಅಲ್ಲಿಯ ಗಟ್ಟಿ ರೊಟ್ಟಿಗೆ ಕಚ್ಚಿಕೊಂಡು ರೊಟ್ಟಿಯ ಜೊತೆಗೇ ಆಚೆ ಬಂತು. ಡ್ರೈವರನ ಊಟವನ್ನು ಹೆಬ್ಬಾತು ಕಿತ್ತುಕೊಂಡಿತು. ಹೀಗೆ ಒಬ್ಬೊಬ್ಬರಿಗೂ ಒಂದೊಂದು. ಮಂಗಳ ಕಾರಂಜಿಯ ಕಟ್ಟೆ ಹತ್ತಿ ಫೋಟೋ ತೆಗೆಸಿಕೊಳ್ಳಲು ಹೋಗಿ ದಬಕ್ಕನೆ ನೀರಿಗೆ ಬಿದ್ದಳು. ಸೊಂಟದ ಮಟ್ಟ ನೀರಿನಲ್ಲಿ ನಿಂತು, ಇಳಕಲ್ ಸೀರೆಯಿಂದ ನೀರು ಸುರಿಯುತ್ತಿರುವಾಗ ಜೋರಾಗಿ ನಗತೊಡಗಿದಳು. ನ್ಯುಮೋನಿಯಾ ಬಗ್ಗೆ ನಾನು ಹೇಳಿದ್ದು ಯಾವುದೂ ಅವಳ ಕಿವಿಗೆ ಬೀಳಲಿಲ್ಲ. ಅವಳು ಹಾಗೆ ನಗುವುದನ್ನು ಕೇಳಿ ಬಹಳ ಕಾಲವಾಗಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಒದ್ದೆ ಸೀರೆ ಬದಲಾಯಿಸಿಕೊಂಡು ಎಲ್ಲರೂ ಬಸ್ಸು ಹತ್ತಿದೆವು. ಬಸ್ಸು ಸೇತುವೆ ದಾಟಿತು, ತಿರುವು ತೆಗೆದುಕೊಂಡಿತು, ಊರಿನ ಇನ್ನೊಂದು ಬದಿಯಿಂದ ಮತ್ತೆ ಚೌಕಕ್ಕೆ ಬಂದು ನಿಂತಿತು. ಡ್ರೈವರ್ ತಲೆ ಕೆರೆದುಕೊಂಡು ಮತ್ತೆ ಹೊರಟ. ಮತ್ತೆ ಚೌಕ. ಇನ್ನೊಂದು ಸಲ. ಅದೇ ಪೊಲೀಸ್, ಅದೇ ತೆರೆದ ಬಾಯಿ. ಆಗ ಅಲ್ಲಿಯ ಹೋಟೆಲಿನ ಒಡತಿ ಬ್ರೂನಾ ಬಸ್ಸಿನ ಬಾಗಿಲಿಗೆ ಬಂದರು. ಗಟ್ಟಿಮುಟ್ಟಾದ ಹೆಂಗಸು, ಊರಿನ ಮೇಯರೂ ಆಕೆಯೇ. ನಮ್ಮ ಕಡೆ ಊಟ ಆಯ್ತಾ ಎಂದು ಕೇಳುವ ಹಾಗೆ, ಎಲ್ಲರದ್ದೂ ಆಯ್ತಾ ಎಂದು ಕೇಳಿದರು. ಏನು ಎಂದು ಹಾಲಸ್ವಾಮಿ ಕೇಳಿದ್ದಕ್ಕೆ, ಅನಾಹುತ ಎಂದರು. ಊರೊಳಗೆ ಬಂದವರಿಗೆ ಒಂದು ಅನಾಹುತ ಆದ ಮೇಲೆಯೇ ದಾರಿ ಹೊರಗೆ ಹೋಗುತ್ತದೆ, ಅಲ್ಲಿಯ ತನಕ ತಿರುಗಿ ತಿರುಗಿ ಚೌಕಕ್ಕೇ ಬರುತ್ತದೆ, ಚಿಕ್ಕದಾದರೂ ಸಾಕು, ಊರಿನವರಿಗೂ ಹಾಗೆಯೇ. ಇಷ್ಟನ್ನೂ ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿ, ನಿಮ್ಮಲ್ಲಿ ಯಾರಿಗಿನ್ನೂ ಆಗಿಲ್ಲ ಎಂದು ಕೇಳಿದರು. ಬಸ್ಸಿನಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು.

ನನಗೆ ಏನಾಗಬೇಕು? ಪಾಸ್‌ಪೋರ್ಟು ಬನಿಯನ್ನಿನ ಒಳಜೇಬಿನಲ್ಲಿ, ಜೇಬಿಗೆ ಪಿನ್ನು, ಪಿನ್ನಿಗೆ ದಾರ. ಬೂಟಿನ ಅಡಿಗೆ ಜಾರದ ಹಾಗೆ ರಬ್ಬರು. ಕನ್ನಡಕಕ್ಕೆ ಹಿಂದಿನಿಂದ ಲಾಡಿ. ನಾನು ಊಟ ಮಾಡಿದ್ದು ಗೋಡೆಗೆ ಬೆನ್ನು ಕೊಟ್ಟು, ಹೆಬ್ಬಾತುಗಳ ಮೇಲೆ ಒಂದು ಕಣ್ಣಿಟ್ಟು. ಹಾಲಸ್ವಾಮಿ ಕೈ ಮುಗಿದು, ಸಾರ್, ಏನಾದ್ರೂ ಒಂದು ಮಾಡ್ಕೊಂಬಿಡ್ರಿ ಎಂದ. ಮಾಡಿಕೊಳ್ಳುವುದು ಹೇಗೆ? ಒಂದು ಜನ್ಮವೆಲ್ಲ ಆಗದಂತೆ ನೋಡಿಕೊಂಡವನಿಗೆ ಕೈ ಹೇಗೆ ಬರುತ್ತದೆ? ಆದರೂ ಗುಂಪಿನ ಮರ್ಯಾದೆಗೆಂದು ಪ್ಯಾಂಟು ಮಡಚಿ, ಭುಜದ ಮೇಲೆ ಟವಲು ಹಾಕಿಕೊಂಡು, ಕಾರಂಜಿಯೊಳಗೆ ಮೆಲ್ಲಗೆ ಕಾಲಿಟ್ಟು ಕೂತು ಎದ್ದು ಬಂದೆ. ಬಸ್ಸು ಸೇತುವೆ ದಾಟಿ ಚೌಕಕ್ಕೇ ಬಂತು. ತಾನಾಗಿ ಇಳಿದರೆ ಅದಕ್ಕೆ ಸ್ನಾನ ಅನ್ನುತ್ತಾರೆ ಎಂದು ಬ್ರೂನಾ ನಗುತ್ತಾ ಹೇಳಿ, ನಮಗೆಲ್ಲ ಕೋಣೆಗಳನ್ನು ತೋರಿಸಿದರು.

ಗುರುವಾರ ಇಡೀ ದಿನ ಗುಂಪಿನವರು ನನ್ನ ಬೆನ್ನು ಹತ್ತಿದರು. ಕೊಟ್ರಮ್ಮ ನನ್ನ ಕೋಣೆಯ ಬಾಗಿಲಲ್ಲಿ ಬಾಳೆಹಣ್ಣಿನ ಸಿಪ್ಪೆ ಇಟ್ಟು ಕಂಬದ ಮರೆಯಲ್ಲಿ ನಿಂತಿದ್ದರು. ನಾನು ಅದನ್ನೆತ್ತಿ ಕಸದ ಬುಟ್ಟಿಗೆ ಹಾಕಿ, ಇಂಥದ್ದನ್ನೆಲ್ಲ ನೆಲದ ಮೇಲೆ ಹಾಕಬಾರದು ಎಂದು ಅವರಿಗೇ ಬುದ್ಧಿ ಹೇಳಿದೆ. ಹಾಲಸ್ವಾಮಿ ಎಲ್ಲಿಂದಲೋ ಒಬ್ಬ ಜೇಬುಗಳ್ಳನನ್ನು ಹುಡುಕಿ ತಂದ. ಪಾಪ, ಅವನು ನನ್ನ ಜೇಬಿಗೆ ಕೈ ಹಾಕುತ್ತಲೇ ಪಿನ್ನು ಚುಚ್ಚಿ ರಕ್ತ ಬಂತು. ಅವನಿಗೆ ಖುಷಿಯೋ ಖುಷಿ. ಬಹಳ ದಿನಗಳಿಂದ ಏನೂ ಆಗದೆ ಅಕ್ಕನ ಮನೆಗೆ ಹೋಗಲು ಆಗಿರಲಿಲ್ಲವಂತೆ, ನನ್ನ ಕೈ ಕುಲುಕಿ ಸೇತುವೆ ದಾಟಿ ಹೋಗಿಯೇ ಬಿಟ್ಟ. ಬ್ರೂನಾ ಆಗ ಇನ್ನೊಂದು ವಿಷಯ ಬಿಡಿಸಿ ಹೇಳಿದರು. ಇಂಥವರಿಗೇ ಆಗಲಿ ಎಂದು ಇನ್ನೊಬ್ಬರು ಬೇಕೆಂತಲೇ ಏರ್ಪಾಡು ಮಾಡಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಅದು ನಾಟಕ. ಒಂದು ಪಕ್ಷ ನಾನು ಸಿಪ್ಪೆಯ ಮೇಲೆ ಕಾಲಿಟ್ಟು ಬಿದ್ದಿದ್ದರೂ ಸೊಂಟ ಮುರಿಯುತ್ತಿತ್ತೇ ಹೊರತು ದಾರಿ ಬಿಡುತ್ತಿರಲಿಲ್ಲ. ಅದನ್ನು ಕೇಳಿ ಎಲ್ಲರೂ ಸಪ್ಪಗಾದರು.

ನನಗೆ ಮಾತ್ರ ಕೈ ಕಟ್ಟಿ ಕೂರಲಾಗಲಿಲ್ಲ. ಊರಿನ ತುಂಬ ಅಪಾಯಗಳು. ಬುಧವಾರ ನೋಡಿದಾಗ ಹೇಗೆ ಕಣ್ತಪ್ಪಿದವೋ! ಹೋಟೆಲಿನ ಮರದ ಮೆಟ್ಟಿಲಲ್ಲಿ ಒಂದು ಹಲಗೆ ಅಲ್ಲಾಡುತ್ತಿತ್ತು. ಹೇಳಿದರೆ, ಅದು ತನ್ನ ತಾತನ ಕಾಲದಿಂದಲೂ ಹಾಗೆಯೇ ಇದೆ ಎಂದು ಬ್ರೂನಾ ಹೆಮ್ಮೆಪಟ್ಟರು. ಆಕೆ ಮಾರುಕಟ್ಟೆಗೆ ಹೋದ ಹೊತ್ತು ನೋಡಿ, ನನ್ನ ಚೀಲದಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು ಹಲಗೆ ಬಿಗಿದುಬಿಟ್ಟೆ. ಶುಕ್ರವಾರ ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲಿನ ಒದ್ದೆ ಎಲೆಗಳನ್ನು ಗುಡಿಸಿದೆ. ಬಾವಿಗೆ ಮುಚ್ಚಳ ಹಾಕಿಸಿದೆ. ರೊಟ್ಟಿ ಅಂಗಡಿಯವಳ ಒಲೆಯ ಪಕ್ಕ ಗಡಿಯಾರ ತೂಗುಹಾಕಿದೆ, ಒಂದು ರೊಟ್ಟಿಯೂ ಸೀಯಲಿಲ್ಲ. ಹೆಬ್ಬಾತುಗಳಿಗೆ ಬಲೆ ಕಟ್ಟಿದೆ. ಊರಿನ ಛತ್ರಿಗಳ ಮುರಿದ ಕಡ್ಡಿಗಳನ್ನೆಲ್ಲ ಕೂತು ಸರಿ ಮಾಡಿದೆ. ಜನ ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು, ನಾನದನ್ನು ಕೃತಜ್ಞತೆ ಅಂದುಕೊಂಡೆ.

ಶನಿವಾರ ಸೇತುವೆಯಾಚೆಯ ಪಟ್ಟಣದಲ್ಲಿ ಸಂತೆ. ಬೆಳಿಗ್ಗೆ ಕಿಟಕಿ ತೆಗೆದು ನೋಡುತ್ತೇನೆ, ಇಡೀ ಚೌಕ ಗಾಡಿಗಳಿಂದ ತುಂಬಿಹೋಗಿದೆ. ಕೋಸಿನ ಗಾಡಿ, ಗಿಣ್ಣಿನ ಗಾಡಿ, ಕಂಬಳಿ ಹೊತ್ತವರು, ಅಂಚೆಯವನು, ಮದುಮಗಳನ್ನು ನೋಡಲು ಹೊರಟ ಒಬ್ಬ ಗಂಡು, ಎಲ್ಲರೂ ನಿಂತಿದ್ದಾರೆ. ಒಬ್ಬರಿಗೂ ಏನೂ ಆಗಿಲ್ಲ. ಮುಗ್ಗರಿಸಿದವರಿಲ್ಲ, ಸುಟ್ಟುಕೊಂಡವರಿಲ್ಲ, ಕಚ್ಚಿಸಿಕೊಂಡವರಿಲ್ಲ. ಸೇತುವೆ ದಾಟಿ ದಾಟಿ ಎಲ್ಲರೂ ಚೌಕಕ್ಕೇ ಬಂದು ಸೇರಿದ್ದಾರೆ. ಊರಿನ ಪಂಚರು ಅಲ್ಲೇ ಕಾರಂಜಿಯ ಬಳಿ ಸಭೆ ಸೇರಿ, ನನ್ನನ್ನು ನಿಲ್ಲಿಸಿಕೊಂಡು ಮೇಲಿಂದ ಕೆಳಗೆ ನೋಡಿದರು. ನಮ್ಮಲ್ಲಿಗೆ ಇಷ್ಟು ಅಪಾಯಕಾರಿಯಾದ ಪ್ರವಾಸಿ ಇದುವರೆಗೆ ಬಂದಿರಲಿಲ್ಲ ಎಂದು ಬ್ರೂನಾ ಬಹಳ ಮರ್ಯಾದೆಯಿಂದಲೇ ಹೇಳಿದರು. ಆಮೇಲೆ ನನ್ನ ಕೋಣೆಯ ಕಿಟಕಿಗೆ ಕೆಂಪು ಬಟ್ಟೆ ಕಟ್ಟಿಸಿದರು. ನನ್ನ ವೃತ್ತಿಯವನಿಗೆ ಆ ಬಟ್ಟೆಯ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಾಚಿಕೆಯಾಯಿತು, ಸಿಟ್ಟೂ ಬಂತು. ಕೆಳಗೆ ಅವರು ಹಬ್ಬದಂತೆ ನಾನು ಸರಿ ಮಾಡಿದ್ದನ್ನೆಲ್ಲ ಬಿಚ್ಚಿ ಮೊದಲಿನ ಹಾಗೆ ಮಾಡುತ್ತಿದ್ದರು. ಹಲಗೆ ಸಡಿಲವಾಯಿತು, ಬಲೆ ಹರಿಯಿತು, ಹೆಬ್ಬಾತುಗಳು ಸೇಡು ತೀರಿಸಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಕೈ ಸುಟ್ಟುಕೊಂಡವರು, ಕುಂಟುವವರು, ಪ್ಯಾಂಟು ಹರಿದುಕೊಂಡವರು ನಗುನಗುತ್ತಾ ಸೇತುವೆ ದಾಟಿ ಸಂತೆಗೆ ಹೋದರು. ಮದುಮಗಳನ್ನು ನೋಡಲು ಹೊರಟವನ ಮೂಗಿನ ಮೇಲೆ ಒಳ್ಳೆಯ ಗಾಯವಾಗಿತ್ತು. ಅದೇ ಹೆಬ್ಬಾತುಗಳ ನಡುವೆ ನಾನೂ ಓಡಾಡಿದೆ, ನನ್ನ ಬೂಟು ನೋಡಿಯೇ ಅವು ಹಿಂದೆ ಸರಿದವು. ಸಂಜೆಗೆ ದಾರಿ ಬಿಡದೆ ಊರಿನಲ್ಲಿ ಉಳಿದವರು ನಾವು ಮಾತ್ರ. ನಾವು ಅಂದರೆ ನಾನು, ನನ್ನಿಂದಾಗಿ ಉಳಿದವರು.

ಹಾಲಸ್ವಾಮಿ ಹೋಟೆಲಿನ ಊಟದ ಮನೆಯಲ್ಲಿ ಎಲ್ಲರನ್ನೂ ಸೇರಿಸಿದ. ಅವಲಕ್ಕಿಗೆ ಶೇಂಗಾ ಚಟ್ನಿಪುಡಿ ಕಲಸಿ ಹಂಚಿ, ಎಲ್ಲರ ಬಾಯಿ ತುಂಬಿದ ಮೇಲೆ ಮಾತು ಶುರು ಮಾಡಿದ. ಭಾನುವಾರ ಬೆಳಿಗ್ಗೆ ಬಸ್ಸು ಹೊರಡಲೇಬೇಕು, ಇಲ್ಲದಿದ್ದರೆ ದೋಣಿಯೂ ಇಲ್ಲ, ವಿಮಾನವೂ ಇಲ್ಲ. ಫಾಲಾಕ್ಷಪ್ಪನವರು ಬಸ್ಸಿನಲ್ಲಿ ಇದ್ದರೆ ಬಸ್ಸು ದಾಟುವುದಿಲ್ಲ. ಅವರು ಇಳಿದರೆ ದಾಟುತ್ತದೆ. ಇಷ್ಟು ಹೇಳಿ ಅವನು ಚಟ್ನಿಪುಡಿಯನ್ನೇ ನೋಡುತ್ತಾ ಕೂತ. ನಾನು ಗಂಭೀರವಾಗಿ, ನೀವೆಲ್ಲ ಹೊರಡಿ, ನಾನೂ ಮಂಗಳನೂ ಇಲ್ಲೇ ಇರುತ್ತೇವೆ, ನನಗೆ ಏನಾದರೂ ಆದ ಮೇಲೆ ಬರುತ್ತೇವೆ ಎಂದೆ. ದೊಡ್ಡ ತ್ಯಾಗ ಮಾಡಿದವನ ಹಾಗೆ ಎದ್ದು ಕೈ ತೊಳೆದುಕೊಂಡೆ. ಮಂಗಳ ಅವಲಕ್ಕಿಯನ್ನು ಪೂರ್ತಿ ತಿಂದು ತಟ್ಟೆ ಎತ್ತಿಟ್ಟಳು.

ಭಾನುವಾರ ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅವಳು ಚಿಕ್ಕ ಚೀಲ ಭುಜಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಾಲಿಗೆ ಹೊಸ ಚಪ್ಪಲಿ. ರೀ, ನಾನು ಹೊರಟೆ ಎಂದಳು. ಎಲ್ಲಿಗೆ ಎಂದೆ. ದೋಣಿಗೆ ಎಂದಳು. ತಮಾಷೆ ಎಂದುಕೊಂಡು ನಾನು, ಮುಂದಿನ ವರ್ಷ ಕಂಬಿ ಇರುವ ಸಮುದ್ರತೀರ ಎಲ್ಲಾದರೂ ಇದ್ದರೆ ನೋಡೋಣ, ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಸಮಾಧಾನ ಹೇಳಿದೆ. ಅವಳು ಒಳಗೆ ಬಂದು ಮಂಚದ ತುದಿಯಲ್ಲಿ ಕೂತಳು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಧೈರ್ಯ ಇರುತ್ತಿತ್ತು, ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ನನ್ನ ಚೆನ್ನಾಗಿ ಕಾಪಾಡಿದೀರಿ. ಇಲ್ಲ ಅನ್ನಲ್ಲ" ಎಂದಳು. "ಒಂದು ಗೀರೂ ಬಿದ್ದಿಲ್ಲ ನನಗೆ. ಮದುವೇಲಿ ಕೊಟ್ಟ ಹೊಸ ಪಾತ್ರೆ ಅಟ್ಟದ ಮೇಲೆ ಕಟ್ಟಿಡ್ತಾರಲ್ಲ, ಹಂಗೆ ಇದ್ದೀನಿ. ಒಂದಿನನೂ ಒಲೆ ಮೇಲೆ ಏರಲಿಲ್ಲ."

"ದೋಣಿ ಮುಳುಗಿದ್ರೆ?" ಎಂದೆ.

"ಮುಳುಗಿದ್ರೆ ನೆನಿತೀನಿ" ಎಂದಳು. "ನಿಮ್ಮನ್ನ ಬಿಟ್ಟು ಹೋಗೋದು ಸಂಕಟಾನೇ ಕಣ್ರೀ. ಆದ್ರೂ ಹೋಗ್ತೀನಿ. ಚಳಿ ಇದೆ, ಸ್ವೆಟರ್ ಹಾಕ್ಕೊಳ್ರಿ."

ಅವಳು ಮೆಟ್ಟಿಲಿಳಿದು ಹೋದಳು. ಸಡಿಲ ಹಲಗೆಯ ಮೇಲೆ ಕಾಲಿಟ್ಟಾಗ ಅದು ಕಿರುಗುಟ್ಟಿತು, ನಾನು ಅಲ್ಲಿಂದಲೇ ಹುಷಾರು ಎಂದು ಕೂಗಿದೆ. ಕಿಟಕಿಯಿಂದ ನೋಡಿದರೆ ಅವಳು ಬಸ್ಸು ಹತ್ತಿ ಕೊಟ್ರಮ್ಮನ ಪಕ್ಕ ಕೂತಿದ್ದಳು. ಹಾಲಸ್ವಾಮಿ ಬಾಗಿಲಲ್ಲಿ ನಿಂತು ನನ್ನ ಕಡೆ ಕೈ ಮುಗಿದ. ಬಸ್ಸು ಹೊರಟಿತು. ಸ್ವೆಟರ್ ಹಾಕಿಕೊಂಡು ಕೆಳಗೆ ಬಂದು, ಬಸ್ಸು ಇನ್ನೊಂದು ಬದಿಯಿಂದ ಬರುವ ಬೀದಿಯ ಕಡೆ ಮುಖ ಮಾಡಿ ನಿಂತೆ. ಅದು ಬರುತ್ತದೆ ಎಂದೇ ಇಷ್ಟು ದಿನದ ಅಭ್ಯಾಸ. ಬರಲಿಲ್ಲ. ಪೊಲೀಸ್ ಎದ್ದು ಆಕಳಿಸಿ, ಇನ್ನೊಂದು ಮಗ್ಗುಲಾಗಿ ಮಲಗಿದ. ಬಸ್ಸು ಬರಲಿಲ್ಲ.

ಗಿರಣಿಯಲ್ಲಿ ಬೆಂಕಿಯ ಬಗ್ಗೆ ಯೋಚಿಸಿದ್ದೆ, ಬಾಯ್ಲರ್ ಸಿಡಿಯುವ ಬಗ್ಗೆ ಯೋಚಿಸಿದ್ದೆ. ಮನೆಯಲ್ಲಿ ಗ್ಯಾಸು, ಕರೆಂಟು, ಹಾವು, ಕಳ್ಳರು, ನೆಂಟರು, ಎಲ್ಲದಕ್ಕೂ ಒಂದೊಂದು ಉಪಾಯ ಮಾಡಿಟ್ಟಿದ್ದೆ. ಮಂಗಳ ಎದ್ದು ಹೋಗಬಹುದು ಎಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ನನಗೆ ಅಳು ಬಂತು. ಕಾರಂಜಿಯ ಕಟ್ಟೆಯ ಮೇಲೆ ಕೂತು, ಹೆಬ್ಬಾತುಗಳ ಎದುರಿಗೇ ಅತ್ತೆ. ಕಣ್ಣೊರೆಸಲು ಜೇಬಿಗೆ ಕೈ ಹಾಕಿದರೆ ಮೂರು ಬಣ್ಣದ ಮೂರು ಕರವಸ್ತ್ರಗಳು, ಯಾವುದರಲ್ಲಿ ಒರೆಸಿಕೊಳ್ಳುವುದು ಎಂದು ತಿಳಿಯದೆ ಸ್ವೆಟರಿನ ತೋಳಿನಲ್ಲೇ ಒರೆಸಿಕೊಂಡೆ.

ಬ್ರೂನಾ ಕಸ ಚೆಲ್ಲಲು ಹೊರಗೆ ಬಂದವರು ನನ್ನ ಮುಖ ನೋಡಿ ನಿಂತರು. ನಿಮ್ಮದಾಯ್ತಾ ಎಂದು ಮೆತ್ತಗೆ ಕೇಳಿದರು. ನನಗೇನೂ ಆಗಿಲ್ಲ, ಹೆಂಡತಿ ಹೋದಳು ಅಷ್ಟೇ ಎಂದೆ. ಆಕೆ ಬುಟ್ಟಿಯನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋದರು. ತಿರುಗಿ ಬಂದದ್ದು, ಬೆಳಿಗ್ಗೆ ಒಲೆಯಲ್ಲಿ ಸುಟ್ಟುಕೊಂಡ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಒಂದು ಹಳೆಯ ಮೋಟರ್‌ಸೈಕಲಿನ ಮೇಲೆ. ಅದಕ್ಕೆ ಪಕ್ಕದಲ್ಲೊಂದು ತೊಟ್ಟಿ ಜೋಡಿಸಿತ್ತು, ತೊಟ್ಟಿಯ ತುಂಬ ಕೋಸುಗಡ್ಡೆ. ಹತ್ತಿಕೊಳ್ಳಿ ಎಂದರು. ಹೆಲ್ಮೆಟ್ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೋಸಿನ ಮೇಲೆ ಹತ್ತಿ ಕೂತೆ. ಹಿಡಿದುಕೊಳ್ಳಲು ಏನೂ ಇರಲಿಲ್ಲ, ಒಂದು ಕೋಸುಗಡ್ಡೆಯನ್ನೇ ತಬ್ಬಿಕೊಂಡೆ. ಬ್ರೂನಾ ಗಾಡಿ ಓಡಿಸುವುದನ್ನು ನೋಡಿದ್ದರೆ ನಮ್ಮ ಗಿರಣಿಯ ಮಾಲೀಕರು ಎದೆ ಹಿಡಿದುಕೊಂಡು ಕೂರುತ್ತಿದ್ದರು.

ಸೇತುವೆ ಹತ್ತಿರ ಬರುತ್ತಿದ್ದ ಹಾಗೆ ನನಗೆ ಒಂದು ಯೋಚನೆ ಬಂದು ಮುಖ ಅರಳಿತು. ಮಂಗಳ ಜಾಣೆ. ಇದು ಅವಳ ಉಪಾಯ ಇರಬೇಕು. ನನ್ನನ್ನು ಬಿಡಿಸಲೆಂದೇ ಹೋದಂತೆ ನಟಿಸಿದ್ದಾಳೆ, ತಿರುವಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಬಾಯಿಗೆ ಸೆರಗಿಟ್ಟು ನಗುತ್ತಿರುತ್ತಾಳೆ. ಇಷ್ಟು ಅಂದುಕೊಳ್ಳುವಷ್ಟರಲ್ಲಿ ಗಾಡಿ ಸೇತುವೆ ದಾಟಿ ತಿರುವು ತೆಗೆದುಕೊಂಡಿತು. ಚೌಕ ಬರಲಿಲ್ಲ. ನಾನು ಕಂಡೇ ಇರದ ಒಂದು ರಸ್ತೆ, ಎರಡೂ ಕಡೆ ಎಲೆ ಉದುರಿದ ಮರಗಳು, ಬಸ್ಸಿನ ಸುಳಿವಿಲ್ಲ. ದಾರಿ ಬಿಟ್ಟಿದೆ ಎಂದು ಬ್ರೂನಾ ಕೂಗಿ ಹೇಳಿದರು. ಬಿಟ್ಟಿತ್ತು. ನಾಟಕಕ್ಕೆ ಆ ದಾರಿ ಬಿಡುವುದಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಹಾಗಾದರೆ ಅವಳು ನಿಜವಾಗಿಯೂ ಹೋಗಿದ್ದಳು. ಅರಳಿದ ಮುಖ ಹಾಗೆಯೇ ನಿಂತುಬಿಟ್ಟಿತು, ಅದನ್ನು ಮುಚ್ಚುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಬಂದರಿಗೆ ಬಂದಾಗ ದೋಣಿ ಹೋಗಿಯಾಗಿತ್ತು. ದೂರದಲ್ಲಿ ಅದು ಕಾಣುತ್ತಿತ್ತು, ಅಲೆ ಏರಿದಾಗ ಮೇಲೆ, ಇಳಿದಾಗ ಇಲ್ಲವೇ ಇಲ್ಲ. ಬ್ರೂನಾ ನನ್ನ ಕೈಗೆ ಒಂದು ಕೋಸುಗಡ್ಡೆ ಕೊಟ್ಟು ವಾಪಸು ಹೋದರು, ಅಲ್ಲಿ ಅದು ಸಮಾಧಾನ ಹೇಳುವ ರೀತಿಯಿರಬೇಕು. ಕೊಟ್ರಮ್ಮ ಮಾತ್ರ ದಡದ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದರು. ವಯಸ್ಸಾಯಿತು, ತಲೆ ಸುತ್ತುತ್ತದೆ ಎಂದು ದೋಣಿ ಹತ್ತಿರಲಿಲ್ಲ. ನನ್ನನ್ನು ಕಂಡು ಸರಿದು ಜಾಗ ಕೊಟ್ಟರು. ಬಸ್ಸಿನಲ್ಲಿ ಅತ್ತಳೇ ಎಂದು ಕೇಳಿದೆ. "ಇಲ್ಲಪ್ಪ" ಎಂದರು. "ಸೇತುವೆ ದಾಟಿದ ಮೇಲೆ ಒಂದ್ಸಲ ಹಿಂದೆ ತಿರುಗಿ ನೋಡಿದ್ಲು. ಆಮೇಲೆ ಕಿಟಕಿ ತೆಗೆದ್ಲು."

ಆ ಮಧ್ಯಾಹ್ನ ಹೇಗೆ ಕಳೆಯಿತೋ ಹೇಳಲಾರೆ. ಗಾಳಿ ಜೋರು, ನೀರು ಕಪ್ಪು. ದಡದಲ್ಲಿದ್ದ ಇನ್ನೊಂದು ದೋಣಿಯನ್ನು ನೋಡಿದರೆ ಕಂಬಿ ಮೊಣಕಾಲೆತ್ತರ, ಏಣಿಗೆ ಪಾಚಿ, ತೇಲುವ ಜಾಕೆಟ್ಟುಗಳು ಯಾವ ಕಾಲದವೋ. ಮಂಗಳ ಹೋದದ್ದೂ ಅಂಥದ್ದರಲ್ಲೇ. ಯಾರಿಗೆ ಹೇಳುವುದು, ಏನು ಬೀಸುವುದು? ಕೊಟ್ರಮ್ಮ ಹಲ್ಲಿನ ಸೆಟ್ಟು ತೆಗೆದು ಒರೆಸಿ ಹಾಕಿಕೊಂಡು, ಕೂತ್ಕೋ ಅಂದರೆ ಕೂತೆ, ನಿಂತ್ಕೋ ಅಂದಿದ್ದರೆ ನಿಲ್ಲುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ದೋಣಿ ಬಂತು. ಮೊದಲು ಹಾಲಸ್ವಾಮಿ ಇಳಿದ, ವಾಂತಿ ಮಾಡಿ ಮಾಡಿ ಮುಖ ಹಸಿರಾಗಿತ್ತು, ನೇರ ಹೋಗಿ ಕಲ್ಲಿನ ಮೇಲೆ ಮಲಗಿಬಿಟ್ಟ. ಆಮೇಲೆ ಉಳಿದವರು. ಕೊನೆಯಲ್ಲಿ ಮಂಗಳ. ತುರುಬು ಬಿಚ್ಚಿ ಕೂದಲೆಲ್ಲ ಮುಖಕ್ಕೆ ಅಂಟಿತ್ತು, ಸೀರೆ ಮೊಣಕಾಲ ತನಕ ಎತ್ತಿ ಸಿಕ್ಕಿಸಿದ್ದಳು, ಮೊಣಕೈಯಲ್ಲಿ ಉದ್ದಕ್ಕೆ ಒಂದು ಗೀರು, ಅದರಿಂದ ಸ್ವಲ್ಪ ರಕ್ತ. ಹೊಸ ಚಪ್ಪಲಿಯಲ್ಲಿ ಒಂದು ಮಾತ್ರ ಇತ್ತು. ನನ್ನನ್ನು ನೋಡಿ ಅವಳು ಅಲ್ಲೇ ನಿಂತಳು.

"ಬಂದ್ರಾ?" ಎಂದಳು. "ಹೆಂಗೆ ಬಿಡ್ತು ಊರು? ಏನಾಯ್ತು ನಿಮಗೆ?"

ನನ್ನ ಮೈಮೇಲೆ ಗಾಯ ಹುಡುಕುತ್ತಾ ಹತ್ತಿರ ಬಂದು, ಕೈ ಹಿಡಿದು ತಿರುಗಿಸಿ ನೋಡಿದಳು. ತಲೆ ಮುಟ್ಟಿ ನೋಡಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನೀನು ಹೋದ್ಯಲ್ಲ" ಎಂದೆ.

ಅವಳ ಕೈ ನನ್ನ ತಲೆಯ ಮೇಲೆಯೇ ನಿಂತಿತು. ಅವಳ ಕಣ್ಣು ತುಂಬಿತು, ನನ್ನದು ಆಗಲೇ ತುಂಬಿ ಖಾಲಿಯಾಗಿತ್ತು. ಕ್ಷಮಿಸಿ ಎಂದು ಅವಳು ಹೇಳಲಿಲ್ಲ, ಹೇಳಲಿ ಎಂದು ನನಗೂ ಅನಿಸಲಿಲ್ಲ. ಕೈಯಲ್ಲಿದ್ದ ಕೋಸುಗಡ್ಡೆಯನ್ನು ಕೆಳಗಿಟ್ಟು, ಹೇಗಿತ್ತು ಎಂದು ಕೇಳಿದೆ.

"ಭಯ ಆಯ್ತು ಕಣ್ರೀ" ಎಂದಳು. "ಭಾಳ ಚೆನ್ನಾಗಿತ್ತು."

ನನಗೂ ಭಯ ಆಯ್ತು ಎಂದೆ. ಚೆನ್ನಾಗಿತ್ತು ಎನ್ನಲು ಮಾತ್ರ ನನಗೆ ಬಾಯಿ ಬರಲಿಲ್ಲ.